ಊಟ ಹಾಕಿದ ಮೇಲೆ

ಹಳೆಯ ಬೆಂಗಳೂರಿನ ಬಡಾವಣೆಗಳಲ್ಲಿ ಕೊಡುವ ಕೈಗೆ ಎಂದೂ ಬರ ಬಂದಿಲ್ಲ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಸ್ವಲ್ಪ ದೂರ ನಡೆದರೆ ಸಾಕು, ಒಂದು ಉಚಿತ ವಿದ್ಯಾರ್ಥಿನಿಲಯವೋ ಮಹಿಳಾ ಸಮಾಜವೋ ಅನಾಥ ಮಕ್ಕಳ ಮನೆಯೋ, ದಾನಿಗಳ ಹೆಸರು ಕೆತ್ತಿದ ಕಲ್ಲಿನ ಸಮೇತ ಎದುರಾಗುತ್ತದೆ. ನೂರು ವರ್ಷಕ್ಕೂ ಹಳೆಯದಾದ ಈ ಪರಂಪರೆಯನ್ನು ನಾವು ಸಾಕಷ್ಟು ಹೊಗಳಿದ್ದೇವೆ, ವಿಮರ್ಶಿಸಿದ್ದು ಕಡಿಮೆ. ಕಾದಂಬರಿಯನ್ನು, ನಾಟಕವನ್ನು, ರಾಮನವಮಿಯ ಕಛೇರಿಯನ್ನು ಎಳೆ ಎಳೆಯಾಗಿ ಬಿಡಿಸಿ ನೋಡುವ ಇದೇ ಬಡಾವಣೆಗಳ ಜನ ದಾನಧರ್ಮದ ಮಾತು ಬಂದಾಗ "ಒಳ್ಳೆಯ ಕೆಲಸ" ಎಂದು ಕೈಮುಗಿದು ಮುಂದೆ ಹೋಗುತ್ತಾರೆ. ಒಳ್ಳೆಯ ಕೆಲಸಕ್ಕೂ ಅಳತೆಗೋಲು ಬೇಕು. ಕೊಟ್ಟವರ ಮನಸ್ಸು ಎಷ್ಟು ದೊಡ್ಡದು ಎಂಬುದು ಆ ಅಳತೆಗೋಲಾಗಲಾರದು. ಪಡೆದವರ ಮಾನ ಉಳಿಯಿತೇ? ನಾಳೆಯೂ ಸಿಗುತ್ತದೆ ಎಂಬ ಭರವಸೆ ಅವರಿಗೆ ಇತ್ತೇ? ಬಾಗಿಲ ಹೊರಗೆ ಉಳಿದವರು ಯಾರು? ಕೇಳಬೇಕಾದದ್ದು ಇದನ್ನು.

ಹೀಗೆ ಕೇಳುತ್ತ ಹೋದರೆ ನನಗೆ ಸಿಗುವ ಉತ್ತರ ಇದು. ಓದುವ ಮಕ್ಕಳ ಮಟ್ಟಿಗೆ ಈ ಊರು ಬಹುಪಾಲು ಗೆದ್ದಿದೆ. ಸೂರಿಲ್ಲದವರ ಮಟ್ಟಿಗೆ ಸೋತಿದೆ. ಕಾಯಿಲೆಯವರನ್ನು, ವಯಸ್ಸಾದವರನ್ನು, ಅಂಗವಿಕಲ ಮಕ್ಕಳನ್ನು ಹಗಲೂ ರಾತ್ರಿ ನೋಡಿಕೊಳ್ಳುವವರನ್ನು ಅದು ಇನ್ನೂ ಕಂಡೇ ಇಲ್ಲ.

ಈ ಬಡಾವಣೆಗಳು ಹುಟ್ಟಿದ ಕಾಲವನ್ನು ಮೊದಲು ನೆನೆಯಬೇಕು. ಚಾಮರಾಜಪೇಟೆ ಹಳೆಯ ಪೇಟೆಯ ಗೋಡೆಗಳಾಚೆ 1892ರಲ್ಲಿ ರೂಪುಗೊಂಡಿತು. 1898ರಲ್ಲಿ ಪ್ಲೇಗ್ ಬಂದು ಪೇಟೆಯ ಇಕ್ಕಟ್ಟಿನ ಓಣಿಗಳು ಸಾವಿನ ಓಣಿಗಳಾದಾಗ ಬಸವನಗುಡಿ, ಮಲ್ಲೇಶ್ವರಗಳ ಬೆಳವಣಿಗೆಗೆ ವೇಗ ಬಂತು. ಅಗಲವಾದ ರಸ್ತೆ, ಮನೆಯ ಹಿಂದೆ ಕಸ ಸಾಗಿಸುವ ಗಲ್ಲಿ, ಗಾಳಿ ಬೆಳಕು: ಇವೆಲ್ಲ ಒಂದು ದೊಡ್ಡ ಸಂಕಟಕ್ಕೆ ಸಾರ್ವಜನಿಕವಾಗಿ ಹುಡುಕಿಕೊಂಡ ಉತ್ತರ. ನಿವೇಶನ ಕೊಳ್ಳುವ ಶಕ್ತಿಯಿದ್ದವರು ಇಲ್ಲಿಗೆ ಬಂದರು, ಇಲ್ಲದವರು ಪೇಟೆಯಲ್ಲೇ ಉಳಿದರು. ಬಂದವರಲ್ಲಿ ಅನೇಕರು ಗುಮಾಸ್ತರು, ಮೇಷ್ಟ್ರುಗಳು, ವಕೀಲರು. ಅವರ ಬೆನ್ನಹಿಂದೆಯೇ ಹಳ್ಳಿಗಳಿಂದ ಹೈಸ್ಕೂಲು ಓದಲು ಹುಡುಗರು ಬಂದರು. ಈ ಹುಡುಗರ ಹೊಟ್ಟೆ ತುಂಬಿಸಲು ಇಲ್ಲಿನ ಮನೆಗಳಲ್ಲಿ ನಡೆದುಕೊಂಡು ಬಂದ ಪದ್ಧತಿಯೇ ವಾರಾನ್ನ.

ವಾರಾನ್ನದ ವ್ಯವಸ್ಥೆ ಸರಳ. ಹುಡುಗ ಏಳು ಮನೆ ಗೊತ್ತು ಮಾಡಿಕೊಳ್ಳಬೇಕು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಒಂದು ವಾರ ಸಿಗದಿದ್ದರೆ ಆ ದಿನ ಉಪವಾಸ, ಇಲ್ಲವೇ ದೇವಸ್ಥಾನದ ಪ್ರಸಾದ. ಬದಲಿಗೆ ಹಣ ಕೊಡಬೇಕಿಲ್ಲವಾದರೂ ನೀರು ಸೇದುವುದು, ಅಂಗಡಿಗೆ ಓಡುವುದು, ಮಕ್ಕಳಿಗೆ ಪಾಠ ಹೇಳುವುದು ತಾನಾಗಿ ಬಂದು ಸೇರಿಕೊಳ್ಳುತ್ತಿತ್ತು. ಹಾಗೆ ಓದಿ ದೊಡ್ಡವರಾದವರು ಎರಡು ಬಗೆಯಲ್ಲಿ ಅದನ್ನು ನೆನೆಯುತ್ತಿದ್ದರು. ಒಂದು, ಕೃತಜ್ಞತೆ: "ಆ ತಾಯಿ ಬಡಿಸದಿದ್ದರೆ ನಾನು ಓದುತ್ತಿರಲಿಲ್ಲ." ಇನ್ನೊಂದು, ಆರದ ಗಾಯ: ಮನೆಯವರೆಲ್ಲ ಉಂಡ ಮೇಲೆ ಕರೆಯುವವರೆಗೆ ಜಗಲಿಯಲ್ಲಿ ಕಾದದ್ದು, ಅದೇ ಮನೆಯ ಮಗ ತನ್ನದೇ ತರಗತಿಯ ಸಹಪಾಠಿಯಾಗಿದ್ದದ್ದು.

ವಿಮರ್ಶಕ ಈ ಎರಡನ್ನೂ ಒಟ್ಟಿಗೆ ಹಿಡಿಯಬೇಕು. ವಾರಾನ್ನದ ದೊಡ್ಡ ಗುಣ ಅದರ ಸರದಿ. ಯಾವ ಮನೆಯ ಮೇಲೂ ಪೂರ್ತಿ ಭಾರ ಬೀಳದೆ ಏಳು ಮನೆಗಳು ಸೇರಿ ಒಬ್ಬ ಹುಡುಗನನ್ನು ವರ್ಷಗಟ್ಟಲೆ ಸಾಕುತ್ತಿದ್ದವು. ಗುರುವಾರ ಎಂದರೆ ಗುರುವಾರವೇ. ಮನಸ್ಸು ಬಂದಾಗ ಕೊಡುವ ದಾನ ಅದಲ್ಲ. ಆ ಮನೆಯವರಿಗೆ ಹುಡುಗನ ಹೆಸರು, ಪರೀಕ್ಷೆ, ಜ್ವರ ಎಲ್ಲ ಗೊತ್ತಿರುತ್ತಿತ್ತು. ದೊಡ್ಡ ದೋಷ ಅದರ ಬಾಗಿಲು. ಆ ಬಾಗಿಲು ಬಹುಮಟ್ಟಿಗೆ ಒಂದೇ ಜಾತಿಗೆ ತೆರೆಯುತ್ತಿತ್ತು. ಅದೇ ಹಳ್ಳಿಯಿಂದ ಅಷ್ಟೇ ಹಸಿವು ಹೊತ್ತು ಬಂದ ದಲಿತ ಹುಡುಗನಿಗೆ ಏಳರಲ್ಲಿ ಒಂದು ಮನೆಯೂ ಇರಲಿಲ್ಲ. ಒಂದು ಪದ್ಧತಿ ಒಳಗಿನವರಿಗೆ ಎಷ್ಟು ಕರುಣೆ ತೋರಿತು ಎಂದು ಹೇಳುವಾಗ, ಹೊರಗಿನವರಿಗೆ ಏನು ಮಾಡಿತು ಎಂಬುದನ್ನೂ ಹೇಳದಿದ್ದರೆ ಆ ಮಾತು ಅರ್ಧ ಸತ್ಯ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಕರುಣೆ ಮನೆಯಿಂದ ಸಂಸ್ಥೆಗೆ ನಡೆಯಿತು. 1903ರಲ್ಲಿ ರೈಲು ನಿಲ್ದಾಣದ ಎದುರು ಗುಬ್ಬಿ ತೋಟದಪ್ಪನವರ ಧರ್ಮಛತ್ರ ಬಾಗಿಲು ತೆರೆಯಿತು; ಅದರ ಜೊತೆಗೆ ವಿದ್ಯಾರ್ಥಿಗಳಿಗೆ ಊಟ ವಸತಿಯ ಏರ್ಪಾಡೂ ಬೆಳೆಯಿತು. 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿತು. ಒಂದೊಂದು ಸಮುದಾಯವೂ ತನ್ನ ಮಕ್ಕಳಿಗಾಗಿ ವಿದ್ಯಾರ್ಥಿನಿಲಯ ಕಟ್ಟಿತು. ಜಾತಿಯ ಗೆರೆ ಅಳಿಯಲಿಲ್ಲ, ಆದರೆ ಒಂದು ಮುಖ್ಯ ಬದಲಾವಣೆಯಾಯಿತು. ಹಾಸ್ಟೆಲಿನ ಪಂಕ್ತಿಯಲ್ಲಿ ಕುಳಿತ ಹುಡುಗ ಯಾರ ಮನೆಯ ಜಗಲಿಯಲ್ಲೂ ಕಾಯಬೇಕಿರಲಿಲ್ಲ. ಗಂಟೆ ಬಾರಿಸಿತು, ತಟ್ಟೆ ಹಿಡಿದ, ಉಂಡ, ಓದಲು ಹೋದ. ಋಣವಿದ್ದದ್ದು ಸಂಸ್ಥೆಗೆ, ಒಬ್ಬ ಯಜಮಾನನಿಗಲ್ಲ. ಮುಂದೆ ಸರ್ಕಾರವೇ ಪರಿಶಿಷ್ಟರಿಗೆ, ಹಿಂದುಳಿದವರಿಗೆ ವಿದ್ಯಾರ್ಥಿನಿಲಯಗಳನ್ನು ತೆರೆದಾಗ ದಾನವಾಗಿದ್ದದ್ದು ಹಕ್ಕಾಯಿತು. ಈ ನಾಡಿನಲ್ಲಿ ದಾನದ ಅತ್ಯಂತ ಒಳ್ಳೆಯ ಗತಿ ಯಾವುದು ಎಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ.

ಕೊಡುವವನಿಗೂ ಪಡೆಯುವವನಿಗೂ ನಡುವಿನ ದೂರ ಎಷ್ಟು ಕಡಿಮೆಯಾಗಬಲ್ಲದು ಎಂಬುದಕ್ಕೆ ಬಸವನಗುಡಿಯಲ್ಲೇ ಒಂದು ನಿದರ್ಶನವಿದೆ. ಗೌರಿಬಿದನೂರಿನ ಹೊಸೂರಿನಿಂದ 1935ರಲ್ಲಿ ನಡೆದುಕೊಂಡೇ ಬೆಂಗಳೂರಿಗೆ ಬಂದು ನ್ಯಾಷನಲ್ ಹೈಸ್ಕೂಲು ಸೇರಿದ ಎಚ್. ನರಸಿಂಹಯ್ಯನವರು ಮುಂದೆ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಆದರೂ ದಶಕಗಳ ಕಾಲ ಅವರ ಮನೆ ಕಾಲೇಜು ಹಾಸ್ಟೆಲಿನ ಒಂದು ಕೋಣೆಯೇ ಆಗಿತ್ತು. ನೆರವು ಪಡೆಯುವ ಹುಡುಗರ ಸೂರಿನಡಿಯಲ್ಲೇ ನೆರವು ನೀಡುವ ಸಂಸ್ಥೆಯ ಹಿರಿಯರೂ ಇದ್ದರೆ ಆ ಮಕ್ಕಳು ತಲೆ ತಗ್ಗಿಸಬೇಕಾಗಿ ಬರುವುದಿಲ್ಲ. ಅವರ ಹಾಗೆ ಬದುಕುವುದು ಎಲ್ಲರಿಗೂ ಸಾಧ್ಯವಾಗದು. ಆದರೂ ಒಂದು ಸೇವಾಸಂಸ್ಥೆಗೆ ಹೋದಾಗ ಅಲ್ಲಿನ ಮುಖ್ಯಸ್ಥರು ಮಕ್ಕಳು ಉಣ್ಣುವುದನ್ನೇ ಉಣ್ಣುತ್ತಾರೆಯೇ ಎಂದು ಕೇಳುವ ಹಕ್ಕು ನಮಗಿದೆ.

ಹೆಣ್ಣುಮಕ್ಕಳ ಕಥೆ ಬೇರೆ. ವಾರಾನ್ನಕ್ಕೆ ಅವರು ಬರುವಂತಿರಲಿಲ್ಲ, ಶಾಲೆಗೇ ಬರುವಂತಿರಲಿಲ್ಲ. ಎಳೆಯ ವಯಸ್ಸಿನಲ್ಲೇ ವಿಧವೆಯರಾದವರಿಗೆ ತವರಿನ ಅಡುಗೆಮನೆಯ ಮೂಲೆಯೇ ಗತಿ ಎನ್ನುವ ಕಾಲದಲ್ಲಿ, 1905ರಲ್ಲಿ ಚಕ್ರವರ್ತಿ ವೆಂಕಟವರದಯ್ಯಂಗಾರ್ ಮತ್ತು ಅವರ ಪತ್ನಿ ಅಬಲಾಶ್ರಮವನ್ನು ಆರಂಭಿಸಿದರು. ಆಶ್ರಯದ ಜೊತೆಗೆ ಓದು, ಕಸುಬು ಎರಡನ್ನೂ ಕೊಡಬೇಕು ಎಂಬ ತಿಳಿವಳಿಕೆ ಅಲ್ಲಿ ಮೊದಲಿನಿಂದಲೂ ಇತ್ತು. ಬಸವನಗುಡಿಯ ಆ ಸಂಸ್ಥೆ ಇಂದಿಗೂ ಹೆಣ್ಣುಮಕ್ಕಳಿಗೆ ನೆಲೆ ನೀಡುತ್ತಿದೆ, ಅಲ್ಲಿ ಬೆಳೆದವರಿಗೆ ಮದುವೆಯನ್ನೂ ಮಾಡಿಸುತ್ತದೆ. ಮದುವೆಯನ್ನು ದಡವೆಂದು ಕಾಣುವ ಈ ನೋಟವನ್ನು ಇಂದು ಪ್ರಶ್ನಿಸಬೇಕಾಗುತ್ತದೆ. ಕೈಯಲ್ಲಿ ಕೆಲಸ, ಹೆಸರಲ್ಲಿ ಬ್ಯಾಂಕ್ ಖಾತೆ ಇರುವ ಹೆಣ್ಣುಮಗಳು ಮದುವೆಯಾಗಲೂಬಹುದು, ಆಗದೆಯೂ ಇರಬಹುದು. ಆ ಆಯ್ಕೆ ಅವಳಿಗೆ ಉಳಿಯುವಂತೆ ನೋಡಿಕೊಳ್ಳುವುದೇ ಆಶ್ರಯದ ಗುರಿಯಾಗಬೇಕು. ಈ ಮಾತನ್ನು ಹೇಳುವಾಗಲೂ 1905ರಲ್ಲಿ ವಿಧವೆಯ ಮರುಮದುವೆ ಎಂಬ ಮಾತೇ ಊರನ್ನು ಎದುರು ಹಾಕಿಕೊಳ್ಳುವ ಕೆಲಸವಾಗಿತ್ತು ಎಂಬುದನ್ನು ಮರೆಯಲಾಗದು. 1913ರಲ್ಲಿ ಆರಂಭವಾದ ಮಹಿಳಾ ಸೇವಾ ಸಮಾಜ ಹೆಣ್ಣುಮಕ್ಕಳ ಶಿಕ್ಷಣವನ್ನು ಕೈಗೆತ್ತಿಕೊಂಡಿತು. ತಾವೇ ಬಾಲವಿಧವೆಯಾಗಿದ್ದ ಆರ್. ಕಲ್ಯಾಣಮ್ಮನವರು ನಾಲ್ಕು ದಶಕ ಕಾಲ 'ಸರಸ್ವತಿ' ಪತ್ರಿಕೆಯನ್ನು ನಡೆಸಿದರು, ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟವನ್ನು ಕಟ್ಟಿದರು. ಮಗುವಿಗೆ ಅನ್ನ ಬಟ್ಟೆಯ ಜೊತೆಗೆ ಆಟ, ಹಾಡು, ನಾಟಕವೂ ಬೇಕು ಎಂದು ಅವರು ಕಂಡುಕೊಂಡದ್ದು ಸಣ್ಣ ಮಾತಲ್ಲ. ನೋವುಂಡವರೇ ಸಂಸ್ಥೆ ಕಟ್ಟಿದಾಗ ಬೇಕಾದದ್ದೇನು ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗುವುದಿಲ್ಲ.

ಈ ಎಲ್ಲ ಸಂಸ್ಥೆಗಳಲ್ಲಿ ಒಂದು ಸಮಾನ ಅಂಶವಿತ್ತು: ಕಷ್ಟದಲ್ಲಿರುವವರು ಬಾಗಿಲಿಗೆ ಬರಬೇಕು. ಅದನ್ನು ತಿರುಗಿಸಿದ್ದು 1980ರಲ್ಲಿ ಕ್ಯಾಥೊಲಿಕ್ ಸಲೇಷಿಯನ್ ಸಭೆಯ ಯುವ ವಿದ್ಯಾರ್ಥಿಗಳಿಂದ ಶುರುವಾದ ಬೆಂಗಳೂರು ಓಣಿಯವರ ಸೇವಾ ಕೂಟ, ಊರ ಬಾಯಲ್ಲಿ ಬೋಸ್ಕೊ. ರೈಲು ನಿಲ್ದಾಣ, ಬಸ್ ನಿಲ್ದಾಣ, ಮಾರುಕಟ್ಟೆಗಳಲ್ಲಿ ಚಿಂದಿ ಆಯುತ್ತಿದ್ದ, ಹೋಟೆಲುಗಳಲ್ಲಿ ಲೋಟ ತೊಳೆಯುತ್ತಿದ್ದ ಮಕ್ಕಳ ಬಳಿಗೆ ಇವರೇ ಹೋದರು. ಮನೆ ಬಿಟ್ಟು ಬಂದ ಹುಡುಗನಿಗೆ ದೊಡ್ಡವರ ಮೇಲೆ ನಂಬಿಕೆ ಸುಲಭವಾಗಿ ಹುಟ್ಟುವುದಿಲ್ಲ. ಹೊಡೆತದ ಭಯಕ್ಕೋ ಕುಡುಕ ತಂದೆಯ ಕಾಟಕ್ಕೋ ಓಡಿಬಂದವನು ಅವನು. ಅಂಥವನ ಜೊತೆ ಮೊದಲು ಸ್ನೇಹ, ಆಮೇಲೆ ತಂಗಲು ಜಾಗ, ಆಮೇಲೆ ಮನೆಯವರ ಹುಡುಕಾಟ ಎಂಬ ಕ್ರಮ ಇಲ್ಲಿ ರೂಪುಗೊಂಡಿತು. ಚಾಮರಾಜಪೇಟೆಯ ಬೋಸ್ಕೊ ಮನೆಯ ಹೆಸರು ಬೆಂಗಳೂರಿನ ಬೀದಿಯ ಮಕ್ಕಳಿಗೆ ಗೊತ್ತು. ಮಗುವನ್ನು ಸಂಸ್ಥೆಯಲ್ಲಿಡುವುದು ಕೊನೆಯ ದಾರಿಯಾಗಬೇಕು ಎಂದು 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ. ಬೀದಿಯಲ್ಲಿ ಕೆಲಸ ಮಾಡಿದವರು ಆ ಪಾಠವನ್ನು ಅದಕ್ಕೂ ಮುಂಚೆ ಮಕ್ಕಳಿಂದಲೇ ಕಲಿತಿದ್ದರು. ವಾರಾನ್ನದಲ್ಲಿ ಹುಡುಗ ಬಾಗಿಲು ತಟ್ಟಬೇಕಿತ್ತು. ಇಲ್ಲಿ ಆ ಜವಾಬ್ದಾರಿ ಕೊಡುವವರ ಮೇಲೆ ಬಿತ್ತು. ನಮ್ಮ ಸೇವೆಯ ಇತಿಹಾಸದಲ್ಲಿ ಇದು ದೊಡ್ಡ ಹೆಜ್ಜೆ.

ಇಂದಿನ ರೂಢಿಗೆ ಬಂದರೆ ಈ ಹೆಜ್ಜೆ ಹಿಂದಕ್ಕೆ ಸರಿದಂತೆ ಕಾಣುತ್ತದೆ. ಮಗಳ ಹುಟ್ಟುಹಬ್ಬ, ತಂದೆಯ ತಿಥಿ, ಮದುವೆಯ ವಾರ್ಷಿಕೋತ್ಸವ ಬಂದರೆ ಮಕ್ಕಳ ಮನೆಯೊಂದಕ್ಕೆ ಫೋನ್ ಮಾಡಿ "ಒಂದು ದಿನದ ಊಟದ ಖರ್ಚು ಎಷ್ಟು?" ಎಂದು ಕೇಳುವುದು ಈಗ ವಾಡಿಕೆ. ಕೇಳುವವರ ಮನಸ್ಸು ಒಳ್ಳೆಯದೇ. ಆದರೆ ನಡೆಯುವುದನ್ನು ಗಮನಿಸಿ. ಭಾನುವಾರಕ್ಕೆ, ಹಬ್ಬಕ್ಕೆ ದಾನಿಗಳು ಮುಗಿಬೀಳುತ್ತಾರೆ. ಮಂಗಳವಾರದ ರಾತ್ರಿಯ ಸಾರಿಗೆ ಯಾರೂ ಇಲ್ಲ. ಸಿಹಿಯೂಟಕ್ಕೆ ಹಣ ಬರುತ್ತದೆ; ರಾತ್ರಿ ಮಗು ಬೆಚ್ಚಿ ಎದ್ದಾಗ ಪಕ್ಕದಲ್ಲಿ ಕೂರುವ ಆಯಾಳ ಸಂಬಳಕ್ಕೆ, ಮಕ್ಕಳ ಮನಸ್ಸಿನ ಗಾಯ ನೋಡುವ ಆಪ್ತಸಮಾಲೋಚಕರ ಸಂಬಳಕ್ಕೆ ಬರುವುದಿಲ್ಲ. ಮಕ್ಕಳು ಸಾಲಾಗಿ ನಿಂತು ಗೊತ್ತಿಲ್ಲದ ಮಗುವಿಗೆ ಹುಟ್ಟುಹಬ್ಬದ ಹಾಡು ಹಾಡುತ್ತಾರೆ, ಫೋಟೊ ತೆಗೆಯಲಾಗುತ್ತದೆ, ಸಂಜೆಗೆ ಆ ಫೋಟೊ ನೂರಾರು ಫೋನುಗಳಿಗೆ ಹೋಗಿರುತ್ತದೆ. ರಕ್ಷಣೆಯಲ್ಲಿರುವ ಮಗುವಿನ ಗುರುತು ಬಯಲಾಗುವಂತೆ ಚಿತ್ರ ಪ್ರಕಟಿಸುವುದನ್ನು ಬಾಲನ್ಯಾಯ ಕಾಯ್ದೆಯ 74ನೇ ಕಲಮು ನಿಷೇಧಿಸಿದೆ. ಕಾನೂನು ಒತ್ತಟ್ಟಿಗಿರಲಿ, ತನ್ನ ಹುಟ್ಟಿದ ದಿನವೇ ಗೊತ್ತಿಲ್ಲದ ಮಗುವಿನಿಂದ ಈ ಹಾಡು ಹಾಡಿಸುವುದು ಎಂಥ ಭಾರ ಎಂದು ನಾವು ಯೋಚಿಸಬೇಕು. ವಾರಾನ್ನದ ಮನೆಯಾಕೆಗೆ ಹುಡುಗನ ಹೆಸರಾದರೂ ಗೊತ್ತಿತ್ತು. ಇಂದಿನ ಈ ಪದ್ಧತಿಯಲ್ಲಿ ಹಳೆಯದರ ಅವಮಾನ ಉಳಿದು, ಅದರ ನಿರಂತರತೆ ಕಳೆದುಹೋಗಿದೆ.

ಸೂರಿಲ್ಲದ ದೊಡ್ಡವರ ಮಟ್ಟಿಗಂತೂ ಊರು ಅವರನ್ನು ಕಣ್ಣಿಗೆ ಕಾಣದಂತೆ ಮಾಡುವುದನ್ನೇ ಪರಿಹಾರವೆಂದು ತಿಳಿಯಿತು. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಬೇಡುವವರನ್ನು ಹಿಡಿದು ಮಾಗಡಿ ರಸ್ತೆಯ ಸುಮನಹಳ್ಳಿಯ ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಒಯ್ಯಲಾಗುತ್ತದೆ. ಆಸ್ತಿ ತೆರಿಗೆಯ ಜೊತೆಗೆ ಶೇ 3ರಷ್ಟು ಭಿಕ್ಷುಕರ ಉಪಕರವನ್ನು ಈ ಬಡಾವಣೆಗಳ ಪ್ರತಿ ಮನೆಯೂ ಕಟ್ಟುತ್ತ ಬಂದಿದೆ. ಆ ಹಣ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದವರು ವಿರಳ. 2010ರ ಆಗಸ್ಟ್‌ನಲ್ಲಿ ಆ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಅನೇಕರು ಸತ್ತಾಗ ಊರು ಒಮ್ಮೆ ಬೆಚ್ಚಿತು, ಮತ್ತೆ ಮರೆಯಿತು. ಬಡತನವನ್ನು ಅಪರಾಧವಾಗಿಸುವ ಇಂಥದೇ ಕಾನೂನಿನ ಹಲವು ಕಲಮುಗಳನ್ನು 2018ರಲ್ಲಿ ದೆಹಲಿ ಹೈಕೋರ್ಟ್ ರದ್ದುಪಡಿಸಿತು. ನಮ್ಮಲ್ಲಿ ಆ ಚರ್ಚೆ ಬಡಾವಣೆಯ ಮನೆಗಳವರೆಗೆ ಬರಲೇ ಇಲ್ಲ.

ಫುಟ್‌ಪಾತಿನ ಮೇಲೆ ಮಲಗುವವರು ಬೇಡುವವರೇ ಎಂಬ ತಿಳಿವಳಿಕೆಯೂ ತಪ್ಪು. ಕೃಷ್ಣರಾಜೇಂದ್ರ ಮಾರುಕಟ್ಟೆಯ ಸುತ್ತ ಮಲಗುವವರಲ್ಲಿ ಮೂಟೆ ಹೊರುವವರು, ಹೂವಿನ ವ್ಯಾಪಾರಕ್ಕೆ ನಸುಕಿನಲ್ಲೇ ಏಳಬೇಕಾದವರು, ನಮ್ಮ ಮದುವೆ ಛತ್ರಗಳಲ್ಲಿ ಪಾತ್ರೆ ತೊಳೆಯುವವರು ಇದ್ದಾರೆ. ದುಡಿಮೆಯಿದ್ದೂ ಬಾಡಿಗೆಗೆ ಸಾಲದ ಸಂಪಾದನೆ ಅವರದು. ನಗರದ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ನೂರು ಜನ ತಂಗಬಹುದಾದ ಒಂದು ತಂಗುದಾಣ ಬೇಕೆಂದು ಸುಪ್ರೀಂ ಕೋರ್ಟ್ ಹೇಳಿ ದಶಕ ಮೀರಿದೆ. 2011ರ ಜನಗಣತಿಯ ಪ್ರಕಾರ ಪಾಲಿಕೆ ವ್ಯಾಪ್ತಿಯಲ್ಲೇ 84 ಲಕ್ಷ ಜನ ಎಂದರೆ 84 ತಂಗುದಾಣ. ಬೆಂಗಳೂರು ಆ ಸಂಖ್ಯೆಯ ಹತ್ತಿರವೂ ಸುಳಿದಿಲ್ಲ. 2017ರಲ್ಲಿ ಬಂದ ಇಂದಿರಾ ಕ್ಯಾಂಟೀನ್ ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ ಕೊಟ್ಟು ಇವರ ಹಗಲಿಗೆ ಆಸರೆಯಾಯಿತು, ಯಾರಿಗೂ ಕೈಚಾಚದೆ ದುಡ್ಡು ಕೊಟ್ಟು ಉಣ್ಣುವ ಮರ್ಯಾದೆಯನ್ನೂ ಕೊಟ್ಟಿತು. ರಾತ್ರಿ ಮಾತ್ರ ಹಾಗೇ ಉಳಿಯಿತು. ದಾನಿಗಳು ಚಳಿಗಾಲದಲ್ಲಿ ಕಂಬಳಿ ಹೊದಿಸಿ ಹೋಗುತ್ತಾರೆ. ಕಂಬಳಿ ಮಡಚಿಡಲು ಜಾಗ, ಸ್ನಾನಕ್ಕೆ ನೀರು, ಕಳುವಾಗದಂತೆ ಆಧಾರ್ ಕಾರ್ಡು ಇಡಲು ಒಂದು ಪೆಟ್ಟಿಗೆ, ಹೆಂಗಸರಿಗೆ ಚಿಲಕವಿರುವ ಬಾಗಿಲು: ಇವನ್ನು ಕೊಡುವವರು ಯಾರು?

ಇನ್ನು ಮೂರನೆಯವರು, ಆರೈಕೆ ಮಾಡುವವರು. ವಿಕ್ಟೋರಿಯಾ, ವಾಣಿವಿಲಾಸ, ಮಿಂಟೊ ಆಸ್ಪತ್ರೆಗಳು ಚಾಮರಾಜಪೇಟೆಯ ಮಗ್ಗುಲಲ್ಲೇ ಇವೆ. ಕೋಲಾರ, ತುಮಕೂರು, ಚಾಮರಾಜನಗರದಿಂದ ರೋಗಿಯನ್ನು ಕರೆತಂದ ಹೆಂಡತಿ, ತಾಯಿ, ತಮ್ಮ, ಅಲ್ಲಿನವರ ಮಾತಿನಲ್ಲಿ 'ಪೇಷೆಂಟ್ ಕಡೆಯವರು', ಕಾರಿಡಾರಿನಲ್ಲೋ ಮರದಡಿಯೋ ಮಲಗುತ್ತಾರೆ. ರೋಗಿಗೆ ಹಾಸಿಗೆಯ ಸಂಖ್ಯೆಯಿದೆ, ಇವರಿಗೆ ಏನೂ ಇಲ್ಲ. ಕಿದ್ವಾಯಿ, ನಿಮ್ಹಾನ್ಸ್ ಆಸ್ಪತ್ರೆಗಳ ಬಳಿ ಇನ್ಫೋಸಿಸ್ ಪ್ರತಿಷ್ಠಾನ ಕಟ್ಟಿಸಿದ ಧರ್ಮಶಾಲೆಗಳು ಈ ಕಷ್ಟವನ್ನು ಅರಿತು ಮಾಡಿದ ಕೆಲಸ. ಹಳೆಯ ಛತ್ರದ ಕಲ್ಪನೆಯನ್ನು ಅದು ಇಂದಿಗೆ ಸರಿಯಾಗಿ ಒಗ್ಗಿಸಿದೆ. ನಮ್ಮ ಬಡಾವಣೆಗಳ ಛತ್ರಗಳಾದರೋ ಮದುವೆಯ ಬಾಡಿಗೆಗೆ ಮೀಸಲಾಗಿವೆ. ಮುಹೂರ್ತವಿಲ್ಲದ ತಿಂಗಳುಗಳಲ್ಲಿ ಅವುಗಳ ಕೋಣೆಗಳು ಬೀಗ ಹಾಕಿಕೊಂಡು ಕೂರುತ್ತವೆ.

ಆಸ್ಪತ್ರೆಯ ಮರದಡಿಯವರು ಕಣ್ಣಿಗಾದರೂ ಬೀಳುತ್ತಾರೆ. ಮನೆಯೊಳಗಿನವರು ಕಾಣುವುದೇ ಇಲ್ಲ. ಮಲ್ಲೇಶ್ವರದ ಒಂದು ಹಳೆಯ ಮನೆಯಲ್ಲಿ ಮರೆವಿನ ಕಾಯಿಲೆಯ ಗಂಡನನ್ನು ಎಪ್ಪತ್ತು ದಾಟಿದ ಹೆಂಡತಿ ನೋಡಿಕೊಳ್ಳುತ್ತಿರುತ್ತಾರೆ, ಮಕ್ಕಳು ಹೊರದೇಶದಲ್ಲಿ. ಬಸವನಗುಡಿಯ ಇನ್ನೊಂದು ಮನೆಯಲ್ಲಿ ಮೂವತ್ತು ವರ್ಷದ ಬುದ್ಧಿಮಾಂದ್ಯ ಮಗನಿಗೆ ತಾಯಿ ಈಗಲೂ ಸ್ನಾನ ಮಾಡಿಸುತ್ತಾರೆ. "ನನ್ನ ನಂತರ ಇವನಿಗೆ ಯಾರು?" ಎಂಬ ಪ್ರಶ್ನೆಯ ಜೊತೆ ಮಲಗುವ ಸಾವಿರಾರು ತಾಯಂದಿರು ಈ ಊರಿನಲ್ಲಿದ್ದಾರೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ, ಸಂಬಳವಿಲ್ಲದೆ ಮನೆಯವರ ಆರೈಕೆಯಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 134 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 76. ಮನೆಗೆಲಸದ ಲೆಕ್ಕ ಬೇರೆ, ಅಲ್ಲಿ 299 ಮತ್ತು 97. ರೋಗಿ ಹಾಸಿಗೆ ಹಿಡಿದ ಮನೆಯಲ್ಲಿ ಈ ಸರಾಸರಿಗಳು ಯಾವ ಮೂಲೆಗೂ ಸಾಲುವುದಿಲ್ಲ.

ಈ ನೋವನ್ನು ಕಂಡವರು ಬೆಂಗಳೂರಿನಲ್ಲಿ ಇಲ್ಲವೆಂದಲ್ಲ. ಮಾನಸಿಕ ಕಾಯಿಲೆಯವರ ಕುಟುಂಬಗಳೇ ಸೇರಿ 1992ರಲ್ಲಿ 'ಅಮೆಂಡ್' ಎಂಬ ಪರಸ್ಪರ ನೆರವಿನ ಸಂಘಟನೆ ಕಟ್ಟಿಕೊಂಡವು. ಕ್ಯಾನ್ಸರಿನ ಕೊನೆಯ ಹಂತದವರಿಗೆ ಉಚಿತ ಆರೈಕೆ ನೀಡುವ ಕರುಣಾಶ್ರಯದ ಹಿಂದಿನ ಟ್ರಸ್ಟ್ 1994ರಲ್ಲಿ ಹುಟ್ಟಿತು. ಅಲ್ಲಿ ರೋಗಿಯ ಜೊತೆ ಮನೆಯವರ ದಣಿವೂ ಲೆಕ್ಕಕ್ಕೆ ಬರುತ್ತದೆ. ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮತ್ತು ನಗರ ಪೊಲೀಸರು ಸೇರಿ 2002ರಲ್ಲಿ ಹಿರಿಯರಿಗಾಗಿ 1090 ಸಹಾಯವಾಣಿ ತೆರೆದರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆ ಭತ್ಯೆಯ ಮಾತನ್ನು ಬರೆದಿಟ್ಟಿದೆ. ಇವೆಲ್ಲ ಬೆಲೆಯುಳ್ಳ ಕೆಲಸಗಳು. ಆದರೆ ಬೀದಿ ಬೀದಿಯಲ್ಲಿ ದಾನಕ್ಕೆ ಹೆಸರಾದ ಈ ಬಡಾವಣೆಗಳ ನಿತ್ಯದ ಔದಾರ್ಯ ಇತ್ತ ತಿರುಗಿಲ್ಲ.

ಕಾರಣವೂ ಸ್ಪಷ್ಟ. ನಮ್ಮ ದಾನ ಬಡತನವನ್ನು ಗುರುತಿಸಲು ಕಲಿತಿದೆ, ದಣಿವನ್ನು ಗುರುತಿಸಲು ಕಲಿತಿಲ್ಲ. ಗಂಡನ ಸೇವೆ, ಅತ್ತೆಯ ಸೇವೆ, ಮಗನ ಸೇವೆ ಹೆಂಗಸಿನ ಧರ್ಮ ಎಂದು ಹೇಳಿಬಿಟ್ಟರೆ ಅವಳಿಗೆ ಸಹಾಯ ಬೇಕು ಎಂಬ ಮಾತೇ ಹುಟ್ಟುವುದಿಲ್ಲ. ಅವಳ ಮನೆಗೆ ಚೆಕ್ಕು ಬರೆದು ಪ್ರಯೋಜನವಿಲ್ಲ. ಅವಳಿಗೆ ಬೇಕಾದದ್ದು ಹೊತ್ತು: ಎರಡು ಗಂಟೆ ನಿದ್ದೆ, ಬ್ಯಾಂಕಿಗೆ ಹೋಗಿಬರಲು ಒಂದು ಬೆಳಗು, ತನ್ನದೇ ಬಿಪಿ ತೋರಿಸಿಕೊಳ್ಳಲು ಒಂದು ಸಂಜೆ.

ವಾರಾನ್ನದಿಂದ ಉಳಿಸಿಕೊಳ್ಳಬೇಕಾದ ಗುಣ ಇಲ್ಲಿ ನೆರವಿಗೆ ಬರುತ್ತದೆ. ಒಂದು ಬೀದಿಯ ಏಳು ಮನೆಗಳು ಒಬ್ಬ ಹುಡುಗನ ಹೊಟ್ಟೆಯನ್ನು ವರ್ಷಗಟ್ಟಲೆ ಹಂಚಿಕೊಂಡಿದ್ದರೆ, ಇಂದು ಏಳು ಮನೆಗಳು ಒಬ್ಬ ತಾಯಿಯ ದಣಿವನ್ನು ಹಂಚಿಕೊಳ್ಳಬಹುದು. ವಾರಕ್ಕೊಂದು ಗೊತ್ತಾದ ದಿನ, ಗೊತ್ತಾದ ಎರಡು ಗಂಟೆ, ಗೊತ್ತಾದ ಮುಖ. ಅಪರಿಚಿತರನ್ನು ಮನೆಯೊಳಗೆ ಬಿಡುವುದು ಹೇಗೆ ಎಂಬ ಭಯ ನ್ಯಾಯವಾದದ್ದು. ಅದಕ್ಕೇ ಇದನ್ನು ವ್ಯಕ್ತಿಗಳ ಮನಸ್ಸಿಗೆ ಬಿಡದೆ ಬಡಾವಣೆಯ ಮಹಿಳಾ ಸಮಾಜಗಳು, ವಿದ್ಯಾರ್ಥಿನಿಲಯಗಳು, ದೇವಸ್ಥಾನ, ಮಸೀದಿ, ಚರ್ಚುಗಳ ಸಮಿತಿಗಳು ವಹಿಸಿಕೊಳ್ಳಬೇಕು; ಬರುವವರ ಹಿನ್ನೆಲೆ ನೋಡಬೇಕು, ರೋಗಿಯನ್ನು ಎತ್ತಿ ಕೂರಿಸುವುದು, ಔಷಧಿಯ ಹೊತ್ತು ಗಮನಿಸುವುದು ಕಲಿಸಬೇಕು. ಸ್ವಯಂಸೇವಕರು ನಾಲ್ಕು ದಿನ ಬಂದು ನಿಲ್ಲಿಸುತ್ತಾರೆ ಎಂಬ ಆಕ್ಷೇಪಕ್ಕೆ ಉತ್ತರ ಸರದಿಯಲ್ಲೇ ಇದೆ: ಭಾರ ಚಿಕ್ಕದಾಗಿದ್ದರೆ ಹೊರುವವರು ಉಳಿಯುತ್ತಾರೆ. ಮತ್ತು ಈ ಸಲ ಬಾಗಿಲು ಜಾತಿ ಕೇಳಬಾರದು. ಬಡಾವಣೆಯ ಮನೆಗಳಲ್ಲಿ ಹಿರಿಯರನ್ನು ನೋಡಿಕೊಳ್ಳಲು ಸಂಬಳಕ್ಕೆ ಬರುವ ಹೆಂಗಸಿನ ಮನೆಯಲ್ಲೂ ಒಬ್ಬ ಕಾಯಿಲೆಯ ಅತ್ತೆ ಇರಬಹುದು. ಏಳು ಮನೆಗಳ ಸರದಿ ಆ ಓಣಿಯವರೆಗೂ ಹೋಗಬೇಕು.

ಜನರ ಔದಾರ್ಯ ಸರ್ಕಾರದ ಹೊಣೆಗೆ ಬದಲಿಯಾಗಬಾರದು ಎಂಬುದನ್ನೂ ಒತ್ತಿ ಹೇಳಬೇಕು. ತಂಗುದಾಣಗಳನ್ನು ಕಟ್ಟುವುದು, ಭಿಕ್ಷುಕರ ಉಪಕರದ ಲೆಕ್ಕವನ್ನು ಬಹಿರಂಗವಾಗಿ ಇಡುವುದು, ಆರೈಕೆ ಭತ್ಯೆಯನ್ನು ಅರ್ಹರಿಗೆಲ್ಲ ಮುಟ್ಟಿಸುವುದು ಸರ್ಕಾರದ ಕೆಲಸ. ಅದನ್ನು ಕೇಳುವುದು ನಮ್ಮ ಕೆಲಸ. ವಾರಾನ್ನ ಹಾಸ್ಟೆಲಾಗಿ, ಹಾಸ್ಟೆಲು ಹಕ್ಕಾಗಿ ಬೆಳೆದದ್ದು ಯಾರೋ ಕೇಳಿದ್ದರಿಂದ, ಹೋರಾಡಿದ್ದರಿಂದ. ಈ ಬಡಾವಣೆಗಳಿಗೆ ಕೊಡುವ ಅಭ್ಯಾಸ ಯಾವಾಗಲೂ ಇತ್ತು. ಮುಂದಿನ ಹುಟ್ಟುಹಬ್ಬಕ್ಕೆ ಒಂದು ದಿನದ ಊಟ ಬರೆಸುವ ಬದಲು ಒಬ್ಬ ಆಯಾಳ ಒಂದು ತಿಂಗಳ ಸಂಬಳ ಬರೆಸಿ. ಪಕ್ಕದ ಬೀದಿಯಲ್ಲಿ ಒಂಟಿಯಾಗಿ ರೋಗಿಯನ್ನು ನೋಡಿಕೊಳ್ಳುತ್ತಿರುವವರು ಯಾರು ಎಂದು ವಿಚಾರಿಸಿ, ವಾರದಲ್ಲಿ ಒಂದು ದಿನವನ್ನು ಅವರಿಗಾಗಿ ಗೊತ್ತುಮಾಡಿಕೊಳ್ಳಿ. ಆ ದಿನ ತಪ್ಪಿಸಬೇಡಿ.